ಶರಶಯ್ಯೆಯ ತಲೆದಿಂಬು: ವೃದ್ಧರ ಉಡುಗೆಯನ್ನು ಕುರಿತು ಒಂದು ಧರ್ಮವಿಚಾರ

ಮಾಘ ಶುದ್ಧ ಅಷ್ಟಮಿಯು ಭೀಷ್ಮಾಷ್ಟಮಿ. ಅದರ ಮರುದಿನವೇ ಮಧ್ವನವಮಿ. ಅಷ್ಟಮಿಯಂದು ಪಿತಾಮಹರಿಗೆ ತರ್ಪಣವನ್ನಿತ್ತು, ನವಮಿಯಂದು ಶ್ರೀಮದಾಚಾರ್ಯರ ಸ್ಮರಣೆಯಲ್ಲಿ ತೊಡಗುವುದು ನಮ್ಮವರಲ್ಲಿ ನಡೆದುಬಂದ ಪದ್ಧತಿ. ಈ ಎರಡು ಪುಣ್ಯದಿನಗಳ ಸನ್ನಿಧಿಯಲ್ಲಿ, ಸಾಮಾನ್ಯವಾಗಿ ಪ್ರವಚನಗಳಲ್ಲಿ ಪ್ರಸ್ತಾಪಕ್ಕೆ ಬಾರದ, ಆದರೆ ಮನೆಮನೆಯಲ್ಲಿಯೂ ದಿನನಿತ್ಯ ಎದುರಾಗುವ ಒಂದು ವಿಷಯವನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ಭೀಷ್ಮಪರ್ವದ ಕಥೆ ಎಲ್ಲರಿಗೂ ತಿಳಿದುದೇ. ಹತ್ತನೆಯ ದಿನದ ಯುದ್ಧದಲ್ಲಿ ರಥದಿಂದ ಬಿದ್ದ ಭೀಷ್ಮರ ದೇಹವು ನೆಲವನ್ನು ಮುಟ್ಟಲಿಲ್ಲ. ಮೈಯಲ್ಲಿ ನಾಟಿದ ಬಾಣಗಳೇ ಹಾಸಿಗೆಯಾದವು. ತಲೆ ಮಾತ್ರ ಆಧಾರವಿಲ್ಲದೆ ಕೆಳಕ್ಕೆ ಜೋತುಬಿದ್ದಿತು. ತಲೆದಿಂಬು ಬೇಕೆಂದು ಅವರು ಕೇಳಿದಾಗ, ಸುತ್ತ ನೆರೆದಿದ್ದ ಅರಸರು ಬಿಡಾರಗಳಿಗೆ ಓಡಿ, ಮೆತ್ತನೆಯ ಬೆಲೆಬಾಳುವ ದಿಂಬುಗಳನ್ನು ತಂದರು. ಪಿತಾಮಹರು ನಕ್ಕು, ಈ ಶಯ್ಯೆಗೆ ಇವು ತಕ್ಕವಲ್ಲವೆಂದು ಹೇಳಿ, ಅರ್ಜುನನತ್ತ ನೋಡಿದರು. ಅರ್ಜುನನು ಅಪ್ಪಣೆ ಪಡೆದು ಮೂರು ಬಾಣಗಳನ್ನು ನೆಲಕ್ಕೆ ನೆಟ್ಟು, ಅವುಗಳ ಮೇಲೆ ಆ ತಲೆಯನ್ನು ನಿಲ್ಲಿಸಿದನು. ಭೀಷ್ಮರು ಸಂತುಷ್ಟರಾದರು.

ಇಲ್ಲಿ ಅರಸರಿಗೆ ಭಕ್ತಿ ಇರಲಿಲ್ಲವೆಂದು ಹೇಳಲಾಗದು. ಅವರು ತಂದ ವಸ್ತುವೂ ಕೀಳಾದುದಲ್ಲ. ಆದರೂ ಅವರ ಸೇವೆ ಸಲ್ಲಲಿಲ್ಲ. ಏಕೆಂದರೆ ಅವರು ಸುಖವೆಂದರೇನೆಂಬುದನ್ನು ತಮ್ಮ ಬಿಡಾರದ ಅಳತೆಯಿಂದ ಅಳೆದರು. ಅರ್ಜುನನಾದರೋ ಮಲಗಿರುವವರ ದೇಹದ ಸ್ಥಿತಿ ಏನು, ಅವರು ಜೀವಮಾನವೆಲ್ಲ ಹಿಡಿದು ಬಂದ ಧರ್ಮ ಯಾವುದು ಎಂಬ ಎರಡನ್ನೂ ಒಟ್ಟಿಗೆ ನೋಡಿದನು. ನಮ್ಮ ಮನೆಯ ವೃದ್ಧರಿಗೆ ನಾವು ಉಡಿಸುವ ಬಟ್ಟೆಯ ವಿಷಯದಲ್ಲಿ ನಾವು ಅರಸರಂತೆ ನಡೆಯುತ್ತಿದ್ದೇವೆಯೋ, ಅರ್ಜುನನಂತೆ ನಡೆಯುತ್ತಿದ್ದೇವೆಯೋ? ಇದೇ ಈ ಲೇಖನದ ಪ್ರಶ್ನೆ. ಪಾಠಶಾಲೆಯ ಅಭ್ಯಾಸಬಲದಿಂದ ಇದನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಕ್ರಮದಲ್ಲಿಯೇ ವಿವೇಚಿಸುತ್ತೇನೆ.

ವಿಷಯ

2011ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ವರ್ಷ ಮೀರಿದವರ ಸಂಖ್ಯೆ ಸುಮಾರು 10.4 ಕೋಟಿ. ಅಂದಿನಿಂದ ಈ ಸಂಖ್ಯೆ ಬೆಳೆಯುತ್ತಲೇ ಇದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಕಡೆಯ ಗ್ರಾಮಗಳಲ್ಲಿ ಸಂಚರಿಸಿದವರಿಗೆ ಅಂಕಿ ಅಂಶಗಳ ಅಗತ್ಯವೇ ಇಲ್ಲ. ಮಕ್ಕಳು ಮೈಸೂರು, ಬೆಂಗಳೂರುಗಳನ್ನು ಸೇರಿದ್ದಾರೆ. ಜಗಲಿಯ ಮೇಲೆ ಹಿರಿಯರು ಉಳಿದಿದ್ದಾರೆ. ಅಗ್ರಹಾರದ ವೈದಿಕರಿರಲಿ, ಹೊಗೆಸೊಪ್ಪಿನ ಎಲೆಗಳನ್ನು ಕೋಲಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುತ್ತ ಬೆರಳು ಸವೆಸಿದ ರೈತರಿರಲಿ, ಮುಪ್ಪು ಎಲ್ಲರ ಕೀಲುಗಳನ್ನೂ ಒಂದೇ ರೀತಿಯಲ್ಲಿ ಹಿಡಿಯುತ್ತದೆ. ಸಂಧಿವಾತದಿಂದ ಬೆರಳು ಸೊಟ್ಟಗಾದವರಿಗೆ ಅಂಗಿಯ ಕಾಜಕ್ಕೆ ಗುಂಡಿ ಸೇರಿಸುವುದು ಸೂಜಿಗೆ ದಾರ ಪೋಣಿಸಿದಷ್ಟು ಕಷ್ಟ. ಕಂಪವಾತದವರಿಗೆ ಲಾಡಿಯ ಗಂಟು ನಿಲ್ಲದು. ಪಾರ್ಶ್ವವಾಯು ಬಡಿದವರಿಗೆ ಒಂದು ತೋಳು ಇದ್ದೂ ಇಲ್ಲದಂತೆ.

ಕಚ್ಚೆಪಂಚೆಯನ್ನು ಉಡುವ ಕ್ರಿಯೆಯನ್ನು ಒಮ್ಮೆ ಬಿಡಿಸಿ ನೋಡೋಣ. ಎಂಟು ಅಥವಾ ಹತ್ತು ಮೊಳದ ಬಟ್ಟೆಯನ್ನು ಎರಡೂ ಕೈಗಳಿಂದ ಹಿಡಿದು ಆಧಾರವಿಲ್ಲದೆ ನಿಲ್ಲಬೇಕು. ಸೊಂಟಕ್ಕೆ ಬಿಗಿದು, ಬಗ್ಗಿ ಅಂಚನ್ನು ಎತ್ತಿಕೊಳ್ಳಬೇಕು. ಬೆರಳುಗಳಿಂದ ಸಮವಾಗಿ ನೆರಿಗೆ ಹಿಡಿಯಬೇಕು. ಕಾಲುಗಳ ನಡುವಿನಿಂದ ಬಟ್ಟೆಯನ್ನು ಹಿಂದಕ್ಕೆ ತೆಗೆದು, ಕೈಗಳನ್ನು ಬೆನ್ನ ಹಿಂದೆ ತಿರುಗಿಸಿ ಸಿಕ್ಕಿಸಬೇಕು. ಇಷ್ಟರಲ್ಲಿ ಸಮತೋಲ, ಸೊಂಟ, ಭುಜ, ಬೆರಳು ನಾಲ್ಕೂ ನೆಟ್ಟಗಿರಬೇಕು. ಇವುಗಳಲ್ಲಿ ಒಂದು ಕೆಟ್ಟರೂ ಉಡುವುದು ಅಸಾಧ್ಯ. ಒಂಬತ್ತು ಗಜದ, ಎಂದರೆ ಹದಿನೆಂಟು ಮೊಳದ, ಸೀರೆಯನ್ನು ಕಚ್ಚೆ ಹಾಕಿ ಉಡುವ ಅಜ್ಜಿಯರ ಪಾಡು ಇದರ ಇಮ್ಮಡಿ.

ಇದರ ಫಲವೇನೆಂಬುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಕಚ್ಚೆ ಹಾಕಲಾರದ ಹಿರಿಯರು ಮೊದಲು ಆರಾಧನೆಯ ಪಂಕ್ತಿಗೆ ಬರುವುದನ್ನು ಬಿಡುತ್ತಾರೆ. ಆಮೇಲೆ ದೇವಸ್ಥಾನಕ್ಕೆ ಬರುವುದನ್ನು ಬಿಡುತ್ತಾರೆ. ಕೊನೆಗೆ ಮನೆಯಲ್ಲಿಯೇ ಸಂಧ್ಯಾವಂದನೆಯನ್ನೂ ಬಿಟ್ಟು, ಲುಂಗಿಯೊಂದನ್ನು ಸುತ್ತಿಕೊಂಡು, ಯಾರಾದರೂ ಬಂದರೆ ಒಳಗೆ ಸರಿಯುತ್ತಾರೆ. ಅವರ ಶ್ರದ್ಧೆ ಕುಂದಿತೆಂದು ನಾವು ತಿಳಿಯುತ್ತೇವೆ. ಕುಂದಿದ್ದು ಶ್ರದ್ಧೆಯಲ್ಲ, ಭುಜದ ಕೀಲು. ಹಾಗೆಯೇ ಸೀರೆಯನ್ನು ಬಿಟ್ಟು ನೈಟಿಯನ್ನು ತೊಡಿಸಿದ ಅಜ್ಜಿಯು ಹೊಸ್ತಿಲ ಹೊರಗೆ ಬಾರದಿರುವುದನ್ನು ನೋಡಿದ್ದೇವೆ. ಮನೆಯವರು ಅನುಕೂಲವನ್ನೇ ಮಾಡಿದ್ದಾರೆ. ಆದರೆ ಅದು ಅರಸರು ತಂದ ದಿಂಬಾಯಿತು.

ಸಂಶಯ

ದೇಹಶಕ್ತಿ ಕುಂದಿದವರ ಉಡುಗೆಯನ್ನು ಅವರ ಶಕ್ತಿಗೆ ತಕ್ಕಂತೆ ಕತ್ತರಿಸಿ, ಹೊಲಿದು, ಮಾರ್ಪಡಿಸಿ ಕೊಡುವುದು ಧರ್ಮವೋ ಅಥವಾ ಧರ್ಮದಲ್ಲಿ ಸಡಿಲಿಕೆಯೋ? ಇದು ಮಕ್ಕಳಿಗೆ ಕರ್ತವ್ಯವೋ, ಇಷ್ಟವಿದ್ದರೆ ಮಾಡಬಹುದಾದ ಉಪಕಾರವೋ?

ಪೂರ್ವಪಕ್ಷ

ಇದಕ್ಕೆ ಮೂರು ಆಕ್ಷೇಪಗಳು ಬರಬಹುದು.

ಮೊದಲನೆಯದು ಆಚಾರವನ್ನು ಹಿಡಿದದ್ದು. ಕರ್ಮಕಾಲದಲ್ಲಿ ಹೊಲಿದ, ಸುಟ್ಟ, ಹರಿದ ವಸ್ತ್ರಗಳನ್ನು ಉಡಬಾರದೆಂದು ಧರ್ಮನಿಬಂಧಗಳು ಹೇಳುತ್ತವೆ. ಕಚ್ಚೆಯಿಲ್ಲದವನನ್ನು ನಗ್ನನಿಗೆ ಸಮಾನನೆಂದೂ ಹೇಳಿದೆ. ಹೀಗಿರಲು, ನೆರಿಗೆ ಹೊಲಿದು ಪಟ್ಟಿ ಅಂಟಿಸಿದ ಪಂಚೆಯಿಂದ ಕರ್ಮಾಧಿಕಾರ ಹೇಗೆ ಬರುತ್ತದೆ?

ಎರಡನೆಯದು ವೈರಾಗ್ಯವನ್ನು ಹಿಡಿದದ್ದು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು ದೇಹವನ್ನೇ ಜೀರ್ಣವಸ್ತ್ರಕ್ಕೆ ಹೋಲಿಸಿದ್ದಾನೆ. ಕಳಚಿ ಹಾಕಬೇಕಾದ ಬಟ್ಟೆಯಂತಿರುವ ಈ ದೇಹಕ್ಕೆ ಮತ್ತೊಂದು ಬಟ್ಟೆಯ ಚಿಂತೆ ಏಕೆ? ಮುಪ್ಪಿನಲ್ಲಿ ಹರಿನಾಮಸ್ಮರಣೆ ಸಾಲದೇ?

ಮೂರನೆಯದು ಸೇವೆಯನ್ನು ಹಿಡಿದದ್ದು. ಇದೇ ಹೆಚ್ಚು ಬಲವಾದುದು. ತಂದೆತಾಯಿಗಳಿಗೆ ಕೈಯಾರೆ ಉಡಿಸುವುದು ಮಕ್ಕಳ ಭಾಗ್ಯ. ತಾನೇ ತೊಟ್ಟುಕೊಳ್ಳುವಂಥ ಬಟ್ಟೆಯನ್ನು ಹೊಲಿಸಿಕೊಟ್ಟು ಮಗನು ಪಕ್ಕಕ್ಕೆ ಸರಿದರೆ, ಅದು ಸೇವೆಯಿಂದ ನುಣುಚಿಕೊಳ್ಳುವ ಉಪಾಯವಾಗುವುದಿಲ್ಲವೇ?

ಸಿದ್ಧಾಂತ

ಎರಡನೆಯ ಆಕ್ಷೇಪವನ್ನು ಮೊದಲು ತೆಗೆದುಕೊಳ್ಳೋಣ. ಅದಕ್ಕೆ ಉತ್ತರ ಸುಲಭ. ವೈರಾಗ್ಯವು ತನ್ನ ಸುಖದ ವಿಷಯದಲ್ಲಿ ಇರಬೇಕಾದುದು. ಇನ್ನೊಬ್ಬರ ಕಷ್ಟವನ್ನು ಕಂಡಾಗ ಅದನ್ನು ಮುಂದಿಡುವುದು ವೈರಾಗ್ಯವಲ್ಲ, ಔದಾಸೀನ್ಯ. ಗೀತೆಯ ಆ ದೃಷ್ಟಾಂತವು ಶೋಕನಿವೃತ್ತಿಗಾಗಿ ಹೇಳಿದ್ದು, ಉಪೇಕ್ಷೆಗಾಗಿ ಹೇಳಿದ್ದಲ್ಲ. ವೃದ್ಧರೇ ತಮಗೆ ಏನೂ ಬೇಡವೆಂದು ಹೇಳಿದರೆ ಅದು ಅವರ ದೊಡ್ಡತನ. ಅವರಿಗೆ ಏನೂ ಬೇಡವೆಂದು ನಾವು ಹೇಳಿದರೆ ಅದು ನಮ್ಮ ಸಣ್ಣತನ.

ಮೂರನೆಯ ಆಕ್ಷೇಪಕ್ಕೆ ಬರೋಣ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದ್ದಾರೆ. ಶ್ರೀಹರಿಯೊಬ್ಬನೇ ಸ್ವತಂತ್ರ, ಉಳಿದುದೆಲ್ಲವೂ ಅವನ ಅಧೀನ. ಈ ದೃಷ್ಟಿಯಿಂದ ನೋಡಿದರೆ ಪರಾಧೀನತೆ ಎಂಬುದು ಮುಪ್ಪಿನಲ್ಲಿ ಹೊಸದಾಗಿ ಬರುವ ಅವಮಾನವಲ್ಲ. ತಾನೇ ಪಂಚೆ ಉಟ್ಟುಕೊಂಡು ತಿರುಗಾಡುವ ಯುವಕನೂ ಪರಾಧೀನನೇ. ಅವನಿಗೆ ಅದು ತಿಳಿದಿಲ್ಲ, ಅಷ್ಟೇ. ಆದುದರಿಂದ ಮಗನ ಕೈಯಿಂದ ಉಡಿಸಿಕೊಳ್ಳುವ ತಂದೆಯು ನಾಚಬೇಕಾದ ಕಾರಣವಿಲ್ಲ.

ಆದರೆ ಸಿದ್ಧಾಂತವು ಇಲ್ಲಿಗೇ ನಿಲ್ಲುವುದಿಲ್ಲ. ಅಸ್ವತಂತ್ರನಾದ ಜೀವನಿಗೂ ಭಗವಂತನು ಕರ್ತೃತ್ವವನ್ನು ಕೊಟ್ಟಿದ್ದಾನೆ. ಅದು ದತ್ತಸ್ವಾತಂತ್ರ್ಯ. ಕೊಟ್ಟವನು ಅವನು, ಅಳತೆ ಅವನದು. ಆದರೆ ಕೊಟ್ಟಿರುವುದು ಸತ್ಯ. ಲಕ್ವ ಹೊಡೆದ ಹಿರಿಯರ ಬಲಗೈ ಬಿದ್ದುಹೋಗಿ ಎಡಗೈ ಆಡುತ್ತಿದ್ದರೆ, ಆ ಎಡಗೈಯಲ್ಲಿ ಉಳಿದಿರುವ ಶಕ್ತಿಯು ಇನ್ನೂ ಹಿಂತೆಗೆದುಕೊಳ್ಳದ ದತ್ತವಸ್ತು. ಸಮಯವಿಲ್ಲವೆಂಬ ಕಾರಣಕ್ಕೆ ಅವರನ್ನು ಗೊಂಬೆಯಂತೆ ತಿರುಗಿಸಿ ಎರಡು ನಿಮಿಷದಲ್ಲಿ ಬಟ್ಟೆ ತೊಡಿಸಿಬಿಟ್ಟರೆ, ಭಗವಂತನು ಕೊಟ್ಟದ್ದನ್ನು ನಾವು ಕಿತ್ತುಕೊಂಡಂತಾಗುತ್ತದೆ. ಒಂದೇ ಕೈಯಿಂದ ಎಳೆದು ಮುಚ್ಚಬಹುದಾದ ಅಂಗಿಯನ್ನು ಕೊಟ್ಟು, ಅವರು ಅದನ್ನು ಐದು ನಿಮಿಷದಲ್ಲಿ ತಾವೇ ತೊಟ್ಟುಕೊಳ್ಳುವವರೆಗೆ ಪಕ್ಕದಲ್ಲಿ ಸುಮ್ಮನೆ ಕುಳಿತಿರುವುದು, ಬೇಕಾದಲ್ಲಿ ಮಾತ್ರ ಕೈ ನೀಡುವುದು, ಹೆಚ್ಚು ತಾಳ್ಮೆಯನ್ನು ಬೇಡುವ ಸೇವೆ. ಇದು ನುಣುಚಿಕೊಳ್ಳುವುದಲ್ಲ. ತಕ್ಕ ಬಟ್ಟೆಯನ್ನು ಕೊಟ್ಟ ಮೇಲೆಯೂ ಮಗನು ಅಲ್ಲಿಯೇ ಇರಬೇಕು. ಕೊಟ್ಟು ಹೊರಟುಹೋದರೆ ಪೂರ್ವಪಕ್ಷಿಯ ಮಾತೇ ನಿಜವಾಗುತ್ತದೆ.

ನಮ್ಮ ಮತದಲ್ಲಿ ಭಗವಂತನ ಸೇವೆಯು ಅಂಕನ, ನಾಮಕರಣ, ಭಜನ ಎಂದು ಮೂರು ವಿಧ. ಅದರಲ್ಲಿ ಭಜನವು ಹತ್ತು ಬಗೆ. ಸತ್ಯ, ಹಿತ, ಪ್ರಿಯ, ಸ್ವಾಧ್ಯಾಯ ಇವು ವಾಚಿಕ; ದಾನ, ಪರಿತ್ರಾಣ, ಪರಿರಕ್ಷಣ ಇವು ಕಾಯಿಕ; ದಯೆ, ಸ್ಪೃಹೆ, ಶ್ರದ್ಧೆ ಇವು ಮಾನಸಿಕ. ಸರ್ವದರ್ಶನಸಂಗ್ರಹದ ಪೂರ್ಣಪ್ರಜ್ಞದರ್ಶನದಲ್ಲಿಯೂ ಈ ವಿಂಗಡಣೆ ಕಂಡುಬರುತ್ತದೆ. ಇದರಲ್ಲಿ ಹಿತ ಮತ್ತು ಪ್ರಿಯ ಎಂಬ ಎರಡನ್ನು ಬೇರೆಬೇರೆಯಾಗಿ ಎಣಿಸಿರುವುದು ಗಮನಾರ್ಹ. ಹಿತವಾದುದೆಲ್ಲ ಪ್ರಿಯವಾಗಿರುವುದಿಲ್ಲ. ನೈಟಿಯು ಅಜ್ಜಿಗೆ ಹಿತವೇ ಇರಬಹುದು, ಆದರೆ ಪ್ರಿಯವಲ್ಲ. ಹದಿನೆಂಟು ಮೊಳದ ಸೀರೆ ಪ್ರಿಯ, ಆದರೆ ಈಗ ಹಿತವಲ್ಲ. ಎರಡೂ ಒಂದರಲ್ಲಿಯೇ ಸಿಕ್ಕುವಂತೆ ಯೋಚಿಸುವುದೇ ಇಲ್ಲಿ ಮಾಡಬೇಕಾದ ಕೆಲಸ.

ಇನ್ನು ಉಳಿದುದು ಆಚಾರದ ಆಕ್ಷೇಪ. ನಮ್ಮ ಶಾಸ್ತ್ರಗಳು ಅಶಕ್ತರನ್ನು ಮರೆತಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಸ್ನಾನವನ್ನೇ ನೋಡಿ. ವಾರುಣಸ್ನಾನವೊಂದನ್ನೇ ವಿಧಿಸದೆ, ಮಾಂತ್ರ, ಭೌಮ, ಆಗ್ನೇಯ, ವಾಯವ್ಯ, ದಿವ್ಯ, ಮಾನಸ ಎಂದು ಬೇರೆ ಆರನ್ನೂ ಹೇಳಿ, ನೀರಿಗಿಳಿಯಲಾರದವನಿಗೂ ಶುದ್ಧಿಯ ದಾರಿಯನ್ನು ತೆರೆದಿಟ್ಟಿದ್ದಾರೆ. ಯಡತೊರೆಯ ಕಾವೇರಿಯಲ್ಲಾಗಲಿ, ಹುಣಸೂರಿನ ಲಕ್ಷ್ಮಣತೀರ್ಥದಲ್ಲಾಗಲಿ ಮೆಟ್ಟಿಲಿಳಿಯಲಾರದವನು ಅಶುಚಿಯಾಗಿಯೇ ಇರಲೆಂದು ಯಾವ ಋಷಿಯೂ ಹೇಳಲಿಲ್ಲ. ಏಕಾದಶಿಯ ವಿಷಯದಲ್ಲಿಯೂ ಎಂಟರಿಂದ ಎಂಬತ್ತರವರೆಗೆ ಎಂಬ ವಯೋಮಿತಿಯನ್ನು ನಿಬಂಧಗಳು ಹೇಳಿವೆ. ಮಡಿಯ ವಿಷಯದಲ್ಲಿ ರೇಷ್ಮೆಗೂ ಉಣ್ಣೆಗೂ ಹತ್ತಿಯಿಂದ ಬೇರೆಯಾದ ನಿಯಮವನ್ನಿಟ್ಟು, ಪ್ರತಿದಿನ ಒಗೆದು ಒಣಗಿಸಲಾಗದ ಮಳೆನಾಡಿನವರಿಗೂ ರೋಗಿಗಳಿಗೂ ಅನುಕೂಲವಾಗುವಂತೆ ಮಾಡಿದ್ದಾರೆ. ಕೊಡಗಿನ ಸೆರಗಿನಲ್ಲಿರುವ ಪಿರಿಯಾಪಟ್ಟಣದ ಜಡಿಮಳೆಯಲ್ಲಿ ಪಟ್ಟೆಮಡಿಯು ಎಷ್ಟು ಮನೆಗಳನ್ನು ಕಾಪಾಡಿದೆಯೆಂಬುದು ಅಲ್ಲಿಯವರಿಗೆ ಗೊತ್ತು.

ಎರಡನೆಯದಾಗಿ, ಕರ್ಮಕಾಲದ ವಸ್ತ್ರ ಬೇರೆ, ದಿನದ ಉಳಿದ ಹೊತ್ತಿನ ವಸ್ತ್ರ ಬೇರೆ. ಅಂಗಿ, ಬನಿಯನ್ನು, ರವಿಕೆಗಳನ್ನು ಹೊಲಿದದ್ದನ್ನೇ ಎಲ್ಲರೂ ತೊಡುತ್ತಿದ್ದೇವೆ. ಅವುಗಳನ್ನು ಮುಂದೆ ತೆರೆಯುವಂತೆ ಹೊಲಿದರೇನು, ಭುಜದ ಮೇಲೆ ತೆರೆಯುವಂತೆ ಹೊಲಿದರೇನು? ಅಲ್ಲಿ ನಿಷೇಧದ ಪ್ರಸಕ್ತಿಯೇ ಇಲ್ಲ. ಪ್ರಶ್ನೆ ಉಳಿಯುವುದು ಸಂಧ್ಯಾವಂದನೆ, ದೇವಪೂಜೆ, ಶ್ರಾದ್ಧಗಳ ಹೊತ್ತಿಗೆ ಮಾತ್ರ. ಅಲ್ಲಿಯೂ ಹೊಲಿಯದೆಯೇ ಅನೇಕ ಉಪಾಯಗಳಿವೆ. ಹತ್ತು ಮೊಳಕ್ಕೆ ಬದಲಾಗಿ ಎಂಟು ಮೊಳದ ತೆಳುವಾದ ಪಂಚೆಯನ್ನು ತೆಗೆದುಕೊಳ್ಳಬಹುದು. ನೆರಿಗೆಯನ್ನು ಹಿಂದಿನ ರಾತ್ರಿಯೇ ಹಿಡಿದು, ಮಡಿಯ ದಾರದಿಂದ ಕಟ್ಟಿಟ್ಟು, ಉಟ್ಟ ಮೇಲೆ ದಾರವನ್ನು ಬಿಚ್ಚಬಹುದು. ನಿಲ್ಲಲಾರದವರಿಗೆ ಪಂಚೆಯನ್ನು ಮಣೆಯ ಮೇಲೆ ಅಥವಾ ಮಂಚದ ಅಂಚಿನಲ್ಲಿ ಮೊದಲೇ ಹರಡಿ, ಅದರ ನಡುವೆ ಕೂರಿಸಿ, ಎರಡು ಬದಿಗಳಿಂದ ತಂದು ಕಟ್ಟಿ, ಅವರು ಒಂದು ಕ್ಷಣ ಊರುಗೋಲು ಹಿಡಿದು ಏಳುವಾಗ ಕಚ್ಚೆಯನ್ನು ಸಿಕ್ಕಿಸಬಹುದು. ಇಷ್ಟೂ ಆಗದವರಿಗೆ ಹೊಲಿದ ಕಚ್ಚೆಪಂಚೆ ಸಲ್ಲುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಅಧಿಕಾರ ನನ್ನದಲ್ಲ. ಅದನ್ನು ಶಾಸ್ತ್ರಜ್ಞರಾದ ವಿದ್ವಾಂಸರು ಹೇಳಬೇಕು. ಒಂದನ್ನು ಮಾತ್ರ ಅವರಲ್ಲಿ ವಿಜ್ಞಾಪಿಸುತ್ತೇನೆ. ಹೊಲಿದು ಸಿದ್ಧಪಡಿಸಿದ ಕಚ್ಚೆಪಂಚೆಗಳು ಇಂದು ಅಂಗಡಿಗಳಲ್ಲಿ ದೊರೆಯುತ್ತವೆ. ಉಪನಯನದ ವಟುವಿಗೂ, ಉಡಲು ಬಾರದ ಮದುವಣಿಗನಿಗೂ ಅವನ್ನು ತೊಡಿಸುವುದನ್ನು ನಾವು ನೋಡುತ್ತಿದ್ದೇವೆ. ಉಡಲು ಕಲಿಯದ ಯುವಕನಿಗೆ ತೋರಿಸುವ ಉದಾರತೆಯನ್ನು, ಅರವತ್ತು ವರ್ಷ ತಪ್ಪದೆ ಉಟ್ಟು ಈಗ ಕೈಸೋತ ವೃದ್ಧನಿಗೆ ತೋರಿಸದಿರುವುದು ನ್ಯಾಯವೇ?

ಅಲಂಕಾರಸೇವೆಯ ದೃಷ್ಟಾಂತ

ಅರ್ಚಕರ ಮನೆಯಲ್ಲಿ ಹುಟ್ಟಿದವನಾದುದರಿಂದ ನನಗೆ ಇನ್ನೊಂದು ಯುಕ್ತಿ ತೋರುತ್ತದೆ. ಕೈ ಎತ್ತದ, ಬಾಗದ, ತಿರುಗದ ಶರೀರಕ್ಕೆ ಬಟ್ಟೆ ಉಡಿಸುವ ವಿದ್ಯೆ ನಮ್ಮಲ್ಲಿ ಶತಮಾನಗಳಿಂದ ಬೆಳೆದುಬಂದಿದೆ. ಅದೇ ದೇವರ ಅಲಂಕಾರ. ಶಿಲಾಮೂರ್ತಿಯ ಹಿಂದೆ ಪ್ರಭಾವಳಿ ಇರುತ್ತದೆ. ಪಾದಗಳು ಪೀಠದಲ್ಲಿ ನೆಲೆಸಿರುತ್ತವೆ. ಕೈಗಳು ಶಂಖಚಕ್ರಗಳನ್ನೋ ಅಭಯಮುದ್ರೆಯನ್ನೋ ಹಿಡಿದಿರುತ್ತವೆ. ಬಟ್ಟೆಯನ್ನು ತಲೆಯ ಮೇಲಿಂದ ಇಳಿಸುವಂತಿಲ್ಲ, ಕಾಲಿನಿಂದ ಏರಿಸುವಂತಿಲ್ಲ. ಆದುದರಿಂದ ಅರ್ಚಕನು ಏನು ಮಾಡುತ್ತಾನೆ? ನೆರಿಗೆಯನ್ನು ಮೊದಲೇ ತೊಡೆಯ ಮೇಲೆ ಹಿಡಿದು, ಮೇಲ್ತುದಿಯನ್ನು ದಾರದಿಂದ ಕಟ್ಟಿ, ಬೀಸಣಿಗೆಯಂತೆ ಸಿದ್ಧಪಡಿಸಿಕೊಳ್ಳುತ್ತಾನೆ. ಮುಂದಿನಿಂದ ಇಟ್ಟು ಹಿಂದೆ ಕಟ್ಟುತ್ತಾನೆ. ಉತ್ತರೀಯವನ್ನು ಬೇರೆಯಾಗಿ ಹೊದಿಸುತ್ತಾನೆ. ನೋಡುವ ಭಕ್ತನಿಗೆ ದಾರವೂ ಕಾಣದು, ಗಂಟೂ ಕಾಣದು. ಪೂರ್ಣವಾದ ಪೀತಾಂಬರವೇ ಕಾಣುತ್ತದೆ. ಇದು ಸರಿಯಾದ ಉಡುಗೆಯಲ್ಲವೆಂದು ಯಾರಾದರೂ ಹೇಳಿದ್ದಾರೆಯೇ?

ಇನ್ನೊಂದು ವಿಷಯ. ಅಲಂಕಾರದ ಹೊತ್ತಿನಲ್ಲಿ ಗರ್ಭಗುಡಿಗೆ ತೆರೆ ಎಳೆಯುತ್ತೇವೆ. ನಿರ್ವಿಕಾರನಾದ ಭಗವಂತನಿಗೆ ನಾಚಿಕೆಯೆಂಬುದಿಲ್ಲ. ಆದರೂ ಮರ್ಯಾದೆಗಾಗಿ ತೆರೆ. ಅದೇ ನಮ್ಮ ಮನೆಯಲ್ಲಿ, ಎಂಬತ್ತು ವರ್ಷದ ತಾಯಿಗೆ ಬಟ್ಟೆ ಬದಲಿಸುವಾಗ ಬಾಗಿಲು ತೆರೆದೇ ಇರುತ್ತದೆ, ಮೊಮ್ಮಕ್ಕಳು ಓಡಾಡುತ್ತಿರುತ್ತಾರೆ, ಟೆಲಿವಿಷನ್ ನಡೆಯುತ್ತಿರುತ್ತದೆ. ಜೀವಜೀವದ ಅಂತರ್ಯಾಮಿಯಾಗಿ ಬಿಂಬರೂಪಿ ಶ್ರೀಹರಿ ನೆಲೆಸಿದ್ದಾನೆಂದು ಪಠಿಸುವ ನಮಗೆ ಆ ಕೋಣೆಯಲ್ಲಿಯೂ ಒಂದು ತೆರೆ ಎಳೆಯಬೇಕೆಂದು ತೋರಬೇಡವೇ?

ಮಾಡಬಹುದಾದ ಮಾರ್ಪಾಡುಗಳು

ತತ್ತ್ವವನ್ನು ಹೇಳಿ ಕೈಬಿಟ್ಟರೆ ಉಪಯೋಗವಿಲ್ಲ. ಹುಣಸೂರಿನ ಅಥವಾ ಕೋಟೆಯ ಯಾವ ದರ್ಜಿಯಾದರೂ ಮಾಡಿಕೊಡಬಹುದಾದ ಕೆಲವನ್ನು ಹೇಳುತ್ತೇನೆ.

ಹಾಸಿಗೆ ಹಿಡಿದವರ ಅಂಗಿಯನ್ನು ಬೆನ್ನಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಸೀಳಿ, ಎರಡು ಬದಿಗಳು ಒಂದರ ಮೇಲೊಂದು ಒಂದು ಗೇಣಿನಷ್ಟು ಬರುವಂತೆ ಬಟ್ಟೆ ಸೇರಿಸಿ, ಭುಜದ ಬಳಿ ಕಟ್ಟುವಂತೆ ಮಾಡಬೇಕು. ಆಗ ಮುಂದಿನಿಂದ ತೋಳುಗಳನ್ನು ಸೇರಿಸಿ, ದೇಹವನ್ನು ಎತ್ತದೆಯೇ ತೊಡಿಸಬಹುದು. ಆಸ್ಪತ್ರೆಯ ನಿಲುವಂಗಿಯಂತೆ ಬೆನ್ನು ಬಯಲಾಗುವುದೂ ಇಲ್ಲ. ಮುಂದಿನಿಂದ ನೋಡಿದವರಿಗೆ ಅದು ಸಾಮಾನ್ಯ ಅಂಗಿಯೇ. ಬೆನ್ನಿನ ಕೆಳಗೆ ದಪ್ಪ ಹೊಲಿಗೆ, ಗುಂಡಿ, ಗಂಟು ಯಾವುದೂ ಬರಬಾರದು. ಒಂದೇ ಮಗ್ಗುಲಲ್ಲಿ ಮಲಗಿದವರಿಗೆ ಅಂಥ ಸಣ್ಣ ಉಬ್ಬೇ ಒತ್ತಿ ಹಾಸಿಗೆಹುಣ್ಣಾಗುತ್ತದೆ. ಒದ್ದೆ ಬಟ್ಟೆ ಅದನ್ನು ಬೆಳೆಸುತ್ತದೆ. ಎಷ್ಟೇ ಮೃದುವಾದ ಬಟ್ಟೆಯಾದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಬಿಡಬಾರದು.

ಪಾರ್ಶ್ವವಾಯುವಿನವರಿಗೆ ತೊಡಿಸುವಾಗ ಬಿದ್ದುಹೋದ ಕೈಗೆ ಮೊದಲು ತೋಳು ಏರಿಸಬೇಕು, ತೆಗೆಯುವಾಗ ಅದನ್ನು ಕೊನೆಗೆ ಬಿಡಿಸಬೇಕು. ಈ ಒಂದು ನಿಯಮವನ್ನು ತಿಳಿದರೆ ಭುಜದ ನೋವು ಎಷ್ಟೋ ತಪ್ಪುತ್ತದೆ. ಅವರ ಅಂಗಿಯ ತೋಳು ಅಗಲವಾಗಿರಲಿ. ಜೇಬು ಆಡುವ ಕೈಗೆ ಎಟುಕುವ ಕಡೆಗೆ ಇರಲಿ. ಕನ್ನಡಕವೂ ಜಪಸರವೂ ಅಲ್ಲಿರಬೇಕು. ಪ್ರತಿಸಲ ಅವನ್ನು ಬೇಡುವ ಕಷ್ಟ ಸಣ್ಣದಲ್ಲ.

ಗುಂಡಿಗಳಿಗೆ ಬದಲಾಗಿ ವೆಲ್ಕ್ರೋ ಪಟ್ಟಿಯನ್ನು ಹೊಲಿಸಬಹುದು. ಹೊರಗೆ ಗುಂಡಿಗಳನ್ನು ನೋಟಕ್ಕಾಗಿ ಹಾಗೆಯೇ ಉಳಿಸಿ ಒಳಗೆ ಪಟ್ಟಿ ಇಟ್ಟರೆ ಅಂಗಿಯ ರೂಪ ಕೆಡುವುದಿಲ್ಲ. ಇದನ್ನು ಕಂಡುಹಿಡಿದವನು ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್. 1941ರಲ್ಲಿ ಬೇಟೆಯಿಂದ ಬಂದಾಗ ತನ್ನ ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿದ ಮುಳ್ಳುಕಾಯಿಗಳನ್ನು ನೋಡಿ ಅವನಿಗೆ ಇದು ಹೊಳೆಯಿತಂತೆ. ಋಷಿಪಂಚಮಿಗಾಗಿ ಉತ್ತರಾಣಿ ಕಡ್ಡಿ ತರಲು ಹೋಗಿ ಪಂಚೆಯ ತುಂಬ ಅದರ ಬೀಜ ಅಂಟಿಸಿಕೊಂಡು ಬಂದ ನಮ್ಮವರಿಗೆ ಈ ಯುಕ್ತಿ ಹೊಸದಲ್ಲ. ಆದರೆ ಒಗೆಯುವ ಮುನ್ನ ಪಟ್ಟಿಯನ್ನು ಮುಚ್ಚಬೇಕು, ಇಲ್ಲದಿದ್ದರೆ ನೂಲು ಸಿಕ್ಕಿ ಹಿಡಿತ ತಪ್ಪುತ್ತದೆ. ಅದರ ಒರಟು ಮುಖ ಮುಪ್ಪಿನ ತೆಳುಚರ್ಮಕ್ಕೆ ತಾಗಬಾರದು.

ಅಜ್ಜಿಯರಿಗಾಗಿ ಸೀರೆಯನ್ನು ಎರಡು ಭಾಗ ಮಾಡಬಹುದು. ಕೆಳಭಾಗದ ನೆರಿಗೆಯನ್ನು ಹೊಲಿದು ಲಂಗದಂತೆ ಲಾಡಿಯೋ ಎಲಾಸ್ಟಿಕ್ಕೋ ಹಾಕಿ, ಸೆರಗನ್ನು ಬೇರೆ ತುಂಡಾಗಿ ಹೊದಿಸಬೇಕು. ಅವರು ಬಾಲ್ಯದಲ್ಲಿ ಉಟ್ಟ ಲಂಗ ದಾವಣಿಯ ಕ್ರಮವೇ ಇದು. ನೋಡುವವರಿಗೆ ಸೀರೆ, ಉಡುವವರಿಗೆ ಹಗುರ. ರವಿಕೆಯ ಸಣ್ಣ ಹುಕ್ಕುಗಳ ಸ್ಥಳದಲ್ಲಿ ದೊಡ್ಡ ಒತ್ತುಗುಂಡಿಗಳಿರಲಿ. ರೈತರ ಮನೆಗಳಲ್ಲಿ ಹಿರಿಯರು ತೊಡುವ ಪಟಾಪಟಿ ಚಡ್ಡಿಗೂ ಲಾಡಿಗೆ ಬದಲು ಎಲಾಸ್ಟಿಕ್ ಹಾಕಿಸಬಹುದು. ಪಂಚೆಯಾಗಲಿ ಸೀರೆಯಾಗಲಿ, ಅಂಚು ಕಣಕಾಲಿಗಿಂತ ಎರಡು ಬೆರಳು ಮೇಲಿರಲಿ. ಕಾಲಿಗೆ ತೊಡರಿದ ಅಂಚಿನಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಹಾಸಿಗೆಯಿಂದ ಏಳದ ಹಿರಿಯರು ಎಷ್ಟು ಮಂದಿ!

ಚಳಿಗಾಲದಲ್ಲಿ ನಾಗರಹೊಳೆಯ ಕಡೆಯಿಂದ ಗಾಳಿ ಬೀಸುವ ಊರುಗಳಲ್ಲಿ ಹೊದಿಕೆಯೂ ಉಡುಗೆಯ ಭಾಗವೇ. ಹುಣಸೂರಿಗೆ ಕಂಬಳಿ ಹೊಸದಲ್ಲ. 1864ರಲ್ಲಿ ಮುಚ್ಚಿಹೋಗುವವರೆಗೆ ಅಲ್ಲಿ ಸೈನ್ಯದ ಚರ್ಮದ ಕಾರ್ಖಾನೆಯೊಂದಿಗೆ ಕಂಬಳಿಯ ಕಾರ್ಖಾನೆಯೂ ನಡೆಯುತ್ತಿತ್ತು. ಭಾರದ ಕಂಬಳಿಯನ್ನು ಹೊತ್ತು ನಡೆಯಲಾರದವರಿಗೆ ಅದರಲ್ಲಿಯೇ ಅರ್ಧವನ್ನು ಕತ್ತರಿಸಿ, ಎದೆಯ ಬಳಿ ಒಂದು ಕಟ್ಟು ಹಾಕಿಕೊಟ್ಟರೆ ಎರಡೂ ಕೈ ಬಿಡುವಾಗುತ್ತವೆ.

ಇಂಥ ಉಡುಗೆಗಳನ್ನು ಕ್ರಮವಾಗಿ ಚಿಂತಿಸಿದವರು ಹೊರದೇಶಗಳಲ್ಲಿಯೂ ಇದ್ದಾರೆ. ಅಮೆರಿಕದ ಹೆಲೆನ್ ಕುಕ್‌ಮನ್ ಎಂಬ ಮಹಿಳೆಯು 1950ರ ದಶಕದಲ್ಲಿ ನ್ಯೂಯಾರ್ಕಿನ ಪುನರ್ವಸತಿ ವೈದ್ಯರೊಡನೆ ಸೇರಿ ಅಂಗವೈಕಲ್ಯವುಳ್ಳವರ ಬಟ್ಟೆಗಳನ್ನು ರೂಪಿಸಿದಳು. ಮ್ಯೂರಿಯಲ್ ಜಿಮರ್‌ಮನ್ ಅವರೊಡನೆ ಬರೆದ ಅವಳ ಪುಸ್ತಕ 1961ರಲ್ಲಿ ಪ್ರಕಟವಾಯಿತು. ಉಡುಗೆಯು ರೋಗವನ್ನು ಸಾರಿ ಹೇಳದೆ, ಉಳಿದವರ ಉಡುಗೆಯಂತೆಯೇ ಕಾಣಬೇಕೆಂಬುದು ಆ ಪ್ರಯತ್ನದ ಹುರುಳು. ನಮ್ಮ ದೇಶದ ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯು ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವೈದ್ಯೋಪಚಾರ ಎಂದು ವಿವರಿಸಿದೆ. ಬಟ್ಟೆಯನ್ನು ಅನ್ನದ ಪಕ್ಕದಲ್ಲಿಯೇ ಇರಿಸಿದೆ. ಆದರೆ ವರ್ಷಕ್ಕೊಂದು ಜೊತೆ ಪಂಚೆ ಕೊಟ್ಟರೆ ಕಾನೂನಿಗೆ ತೃಪ್ತಿಯಾಗಬಹುದು. ಉಡಲಾಗದ ಪಂಚೆಯನ್ನು ಕೊಟ್ಟವನಿಗೆ ಧರ್ಮದ ಮುಂದೆ ತೃಪ್ತಿ ಇರದು. ಹಲ್ಲಿಲ್ಲದವರಿಗೆ ಚಕ್ಕುಲಿ ಬಡಿಸಿದಂತೆ ಅದು.

ಎಚ್ಚರಿಕೆ

ಯಾವುದನ್ನು ಮಾಡಿದರೂ ಅವರನ್ನು ಕೇಳಿಯೇ ಮಾಡಬೇಕು. ಅರ್ಜುನನೂ ಭೀಷ್ಮರ ಅಪ್ಪಣೆ ಪಡೆದೇ ಬಾಣ ಹೂಡಿದನು. ತಂದೆಯ ಹಳೆಯ ಪಂಚೆಯನ್ನು ಅವರಿಗೆ ತಿಳಿಸದೆ ಕತ್ತರಿಸುವುದು ಉಪಕಾರವಲ್ಲ. “ಅಪ್ಪಾ, ಇದು ಹೀಗಿದ್ದರೆ ನಿಮಗೆ ಅನುಕೂಲವೇ?” ಎಂದು ಕೇಳಿ, ಅವರು ಬೇಡವೆಂದರೆ ಸುಮ್ಮನಿದ್ದು, ಕೆಲವು ದಿನಗಳ ಮೇಲೆ ಮತ್ತೆ ಕೇಳಬೇಕು. ಕಷ್ಟವಾದರೂ ಸರಿ, ಕಚ್ಚೆಯನ್ನೇ ಉಡುತ್ತೇನೆಂದು ಹಟ ಹಿಡಿಯುವ ಹಿರಿಯರಿರುತ್ತಾರೆ. ಅವರ ಹಟವನ್ನು ಮೂರ್ಖತನವೆಂದು ಕರೆಯಬಾರದು. ಅವರ ಬಳಿ ನಿಂತು ಬೀಳದಂತೆ ನೋಡಿಕೊಳ್ಳುವುದೇ ಅಂಥ ಸಂದರ್ಭದಲ್ಲಿ ನಮ್ಮ ಕೆಲಸ.

ಪ್ರಯೋಜನ

ಹೀಗೆ ವಿಚಾರಮಾಡಿದಾಗ, ಅಶಕ್ತರಿಗೆ ತಕ್ಕ ಉಡುಗೆಯನ್ನು ಮಾಡಿಕೊಡುವುದು ಧರ್ಮದಲ್ಲಿ ಸಡಿಲಿಕೆಯಲ್ಲ, ಧರ್ಮವನ್ನು ಅವರ ಕೈಗೆ ಎಟುಕುವಂತೆ ಇಡುವ ಕರ್ತವ್ಯವೆಂದು ಸಿದ್ಧವಾಯಿತು. ಇದರ ಹೊಣೆ ಮಕ್ಕಳದು ಮಾತ್ರವಲ್ಲ, ದೇವಸ್ಥಾನಗಳದೂ ಹೌದು. ಅಂಗಿ ತೆಗೆದು ಒಳಗೆ ಬರಬೇಕೆಂಬ ನಿಯಮವಿರುವ ಕಡೆ, ಹೆಬ್ಬಾಗಿಲ ಬಳಿ ಹಿರಿಯರು ಕುಳಿತು ಅಂಗಿ ತೆಗೆಯಲು ಒಂದು ಬೆಂಚು, ಬಟ್ಟೆ ಬದಲಿಸಲು ತೆರೆಯಿರುವ ಒಂದು ಮೂಲೆ, ಹಿಡಿದುಕೊಳ್ಳಲು ಗೋಡೆಗೆ ಒಂದು ಸರಳು ಇರಲಿ. ನೆರಿಗೆ ಹಿಡಿದು ಕಟ್ಟಿಟ್ಟ ನಾಲ್ಕು ಮಡಿಪಂಚೆಗಳು ಆರಾಧನೆಯ ದಿನಗಳಲ್ಲಿ ಸಿದ್ಧವಾಗಿರಲಿ. ದೇವರಿಗೆ ನೆರಿಗೆ ಹಿಡಿಯುವ ಕೈಗಳಿಗೆ ಇದು ಕಷ್ಟದ ಕೆಲಸವಲ್ಲ. ಪಂಕ್ತಿಯಲ್ಲಿ ನೆಲದ ಮೇಲೆ ಕೂರಲಾರದವರಿಗೆ ಈಗ ಅನೇಕ ಕಡೆ ಮೇಜು ಕುರ್ಚಿಗಳನ್ನು ಹಾಕುತ್ತಿದ್ದಾರೆ; ಅದಕ್ಕೆ ಆರಂಭದಲ್ಲಿ ಆಕ್ಷೇಪಿಸಿದವರೂ ಈಗ ಅಲ್ಲಿಯೇ ಕುಳಿತು ಭೋಜನ ಮಾಡುತ್ತಾರೆ.

ಬರುವ ಭೀಷ್ಮಾಷ್ಟಮಿಯಂದು ಪಿತಾಮಹರಿಗೆ ತರ್ಪಣ ಬಿಡುವ ಮೊದಲು, ನಮ್ಮ ಮನೆಯ ಪಿತಾಮಹರು ಬೆಳಿಗ್ಗೆ ಬಟ್ಟೆ ಉಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಎಲ್ಲಿ ಅವರ ಕೈ ನಿಲ್ಲುತ್ತದೆ ಎಂಬುದನ್ನು ಒಮ್ಮೆ ಗಮನಿಸೋಣ. ಅವರನ್ನು ಕೇಳಿ, ಒಂದು ಪಂಚೆಯನ್ನೋ ಒಂದು ರವಿಕೆಯನ್ನೋ ದರ್ಜಿಯ ಬಳಿಗೆ ಒಯ್ಯೋಣ. ಮರುದಿನ ಮಧ್ವನವಮಿಯ ಪಂಕ್ತಿಯಲ್ಲಿ, ಕೆಲವು ವರ್ಷಗಳಿಂದ ಬಾರದಿದ್ದ ಒಬ್ಬ ಹಿರಿಯರು ಬಂದು ಕುಳಿತರೆ, ಆಚಾರ್ಯರ ಸೇವೆ ಸಂದಂತೆಯೇ.

ಶ್ರೀಕೃಷ್ಣಾರ್ಪಣಮಸ್ತು.